ಹೊಳೆಬಾಗಿಲು

ಪ್ರಯಾಣದಲ್ಲಿ ಎರಡು ಬಗೆ. ಸೇರಬೇಕಾದ ಊರಿಗಾಗಿ ಕೈಗೊಳ್ಳುವ ಪ್ರಯಾಣ ಒಂದು ಬಗೆಯದು. ದಾರಿಯ ಸಲುವಾಗಿಯೇ ಕೈಗೊಳ್ಳುವುದು ಇನ್ನೊಂದು ಬಗೆಯದು. ಮೊದಲನೆಯದರಲ್ಲಿ ಗಡಿಯಾರ ನಮ್ಮ ಜೊತೆಗಾರ. ಎರಡನೆಯದರಲ್ಲಿ ಗಾಳಿ, ಬಿಸಿಲು, ನೆರಳುಗಳೇ ಜೊತೆಗಾರರು. ನೀರಿನ ಮೇಲೆ ನಿಧಾನವಾಗಿ ಸಾಗುವ ವಿಹಾರವು ಈ ಎರಡನೆಯ ಬಗೆಗೆ ಸೇರಿದುದು. ಬಂಡಿಯಲ್ಲಿ ಕುಳಿತವನಿಗೆ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ. ದೋಣಿಯಲ್ಲಿ ಕುಳಿತವನಿಗಾದರೋ ಬೆಟ್ಟ ಬೆಟ್ಟವಾಗಿಯೇ, ದಡ ದಡವಾಗಿಯೇ ತಾವಾಗಿ ಎದುರುಬಂದು ಮಾತನಾಡಿಸುತ್ತವೆ.

ಯುರೋಪು ಖಂಡದ ನಡುವೆ ಕಾನ್‌ಸ್ಟನ್ಸ್ ಎಂಬ ದೊಡ್ಡದೊಂದು ಸರೋವರವಿದೆ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯ ಈ ಮೂರು ದೇಶಗಳ ದಡಗಳನ್ನು ಅದು ತೊಳೆಯುತ್ತದೆ. ಅದರ ವಿಸ್ತಾರ ಸುಮಾರು 536 ಚದರ ಕಿಲೋಮೀಟರು. ಹಿಂದೊಮ್ಮೆ ಹಿಮನದಿಯು ಕೊರೆದುಹೋದ ಪಾತ್ರದಲ್ಲಿ ರೈನ್ ನದಿಯ ನೀರು ತುಂಬಿ ಆದ ಸರೋವರವದು. ಬೇಸಗೆ ಬಂದಿತೆಂದರೆ ಆ ದೇಶದವರು ತಮ್ಮ ಹಾಯಿದೋಣಿಗಳನ್ನು ನೀರಿಗಿಳಿಸುತ್ತಾರೆ. ಕಾನ್‌ಸ್ಟನ್ಸ್, ಲಿಂಡಾವ್, ಬ್ರೆಗೆನ್ಸ್, ಫ್ರೀಡ್ರಿಕ್ಸ್‌ಹಾಫೆನ್ ಹೀಗೆ ಒಂದು ಬಂದರಿನಿಂದ ಮತ್ತೊಂದು ಬಂದರಿಗೆ ಗಾಳಿ ಒಯ್ದಂತೆ ಸಾಗುವುದು, ಸಂಜೆ ಎಲ್ಲಿ ಮುಟ್ಟಿದರೆ ಅಲ್ಲಿ ತಂಗುವುದು, ಮರುದಿನ ಮತ್ತೆ ಹಾಯಿ ಬಿಚ್ಚುವುದು ಇದು ಅವರ ಬೇಸಗೆಯ ವಿಹಾರ. ಲಿಂಡಾವ್ ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ, ಇನ್ನೊಂದು ಕಡೆ ದೀಪಸ್ತಂಭ ನಿಂತಿವೆ. 1856ರಿಂದಲೂ ಅವು ಅಲ್ಲಿಯೇ ನಿಂತು ಬರುವ ದೋಣಿಗಳಿಗೆ ದಾರಿ ತೋರುತ್ತಿವೆ.

ನಮ್ಮ ಕನ್ನಡನಾಡಿನಲ್ಲಿ ಹಿಮನದಿ ಕೊರೆದ ಸರೋವರಗಳಿಲ್ಲ. ನಮ್ಮ ಕೆರೆಗಳೆಲ್ಲ ಮನುಷ್ಯರು ಕಟ್ಟಿದವು. ಆದರೂ ಹಾಯಿಯ ವಿದ್ಯೆ ನಮಗೆ ಹೊಸತೇನಲ್ಲ. ಪಡುವಣ ಕರಾವಳಿಯ ಜನ ತಲೆತಲಾಂತರದಿಂದ ಬಲ್ಲ ವಿದ್ಯೆಯದು. ಶರಾವತಿಯು ಕಡಲನ್ನು ಸೇರುವ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ನದಿಯಲ್ಲಿ ದೋಣಿಗಳು ಓಡಾಡುತ್ತಿದ್ದವು. ಜೋಗದ ಜಲಪಾತವನ್ನು ಕಾಣಹೊರಟ ಹಿಂದಿನ ಕಾಲದ ಪ್ರವಾಸಿಗಳು ಅನೇಕರು ಈ ಜಲಮಾರ್ಗವನ್ನೇ ಹಿಡಿದು, ಗೇರುಸೊಪ್ಪೆಯಲ್ಲಿ ಇಳಿದು, ಘಟ್ಟ ಹತ್ತುತ್ತಿದ್ದರು. ಹಗಲು ಏರಿದಂತೆ ನೆಲ ಕಾಯುತ್ತದೆ. ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ. ಆ ತೆರವನ್ನು ತುಂಬಲು ಕಡಲಿನ ಮೇಲಿನ ತಂಪುಗಾಳಿ ಒಳನಾಡಿಗೆ ನುಗ್ಗುತ್ತದೆ. ಈ ಕಡಲಗಾಳಿಯು ಹಾಯಿಯನ್ನು ಉಬ್ಬಿಸಿ, ಹೊಳೆಯ ಹರಿವಿಗೆ ಇದಿರಾಗಿ ದೋಣಿಯನ್ನು ನೂಕುತ್ತದೆ. ಭರತದ ನೀರು ಜೊತೆಗೂಡಿದರೆ ಹುಟ್ಟು ಹಾಕುವವನಿಗೆ ಅಷ್ಟರಮಟ್ಟಿಗೆ ವಿಶ್ರಾಂತಿ.

ಗಾಳಿ ಬೀಸಿದ ಕಡೆಗೆ ಹೋಗುವುದು ಸುಲಭ, ಎಲೆಯೂ ಹೋಗುತ್ತದೆ. ಎದುರುಗಾಳಿಯಲ್ಲಿ ಮುಂದೆ ಸಾಗುವುದೇ ಹಾಯಿಗಾರನ ಜಾಣ್ಮೆ. ದೋಣಿಯ ತಳದಲ್ಲಿರುವ ನೀಳವಾದ ಏಣು ಅದನ್ನು ಪಕ್ಕಕ್ಕೆ ಜಾರಗೊಡುವುದಿಲ್ಲ. ಆದುದರಿಂದ ಗಾಳಿಗೆ ಓರೆಯಾಗಿ ಹಿಡಿದ ಹಾಯಿಯು ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ಸ್ವಲ್ಪ ದೂರ ಎಡಕ್ಕೆ ಓರೆಯಾಗಿ ಸಾಗಿ, ತಿರುಗಿ ಅಷ್ಟೇ ದೂರ ಬಲಕ್ಕೆ ಓರೆಯಾಗಿ ಸಾಗಿ, ಹಾವಿನ ಹರಿದಾಟದಂತೆ ದೋಣಿ ಗಾಳಿಯ ಎದುರಿಗೇ ಹೋಗಿ ಸೇರುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಈ ವಿದ್ಯೆಯನ್ನು ಕಲಿಸುತ್ತ ಬಂದಿದ್ದಾರೆ. ಸೇನೆಯ ಎಂಜಿನಿಯರ್ ದಳದವರೇ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ 1985ರಲ್ಲಿ ಹೊರಟು, ಭೂಮಂಡಲವನ್ನು ಸುತ್ತಿ, 1987ರಲ್ಲಿ ಹಿಂದಿರುಗಿದರು. ಭಾರತೀಯರು ಹಾಯಿಯ ಬಲದಿಂದ ಭೂಪ್ರದಕ್ಷಿಣೆ ಮಾಡಿದುದು ಅದೇ ಮೊದಲು.

ಸರೋವರದ ಒಂದು ದಡದಿಂದ ಇನ್ನೊಂದು ದಡಕ್ಕೆ, ಒಂದು ಕಡವಿನಿಂದ ಮತ್ತೊಂದು ಕಡವಿಗೆ ಬಿಡುವಾಗಿ ಸಾಗುವ ಬೇಸಗೆಯ ಪಯಣವನ್ನು ನಮ್ಮ ನಾಡಿನಲ್ಲಿ ಅನುಭವಿಸಬೇಕೆಂದರೆ ಅದಕ್ಕೆ ತಕ್ಕ ತಾಣ ಶರಾವತಿಯ ಹಿನ್ನೀರು. ತೀರ್ಥಹಳ್ಳಿಯ ಸಮೀಪದ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ, ಜೋಗಕ್ಕಿಂತ ಮೊದಲು, ಲಿಂಗನಮಕ್ಕಿ ಎಂಬಲ್ಲಿ 1964ರಲ್ಲಿ ಅಣೆಕಟ್ಟೆ ಕಟ್ಟಿ ಮುಗಿಸಿದರು. ಕಟ್ಟೆಯ ಉದ್ದ ಎರಡು ಕಿಲೋಮೀಟರಿಗೂ ಮಿಕ್ಕುದು. ಎತ್ತರ ಸುಮಾರು 61 ಮೀಟರು. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಂತಾಗ ಜಲಾಶಯ ತುಂಬಿತೆಂದು ಲೆಕ್ಕ. ಆಗ ಅದರಲ್ಲಿ ಸುಮಾರು 151 ಟಿ.ಎಂ.ಸಿ. ಅಡಿ ನೀರು ಇರುತ್ತದೆ. ಕಣಿವೆ ಕಣಿವೆಗಳಿಗೂ ಕೈಚಾಚಿ ಮಲಗಿದ ಆ ನೀರಿನ ಹರವು 300 ಚದರ ಕಿಲೋಮೀಟರನ್ನು ಮೀರಿದುದು. ಹಿಂದೆ ಬೆಟ್ಟದ ತುದಿಗಳಾಗಿದ್ದವು ಇಂದು ನಡುಗಡ್ಡೆಗಳಾಗಿವೆ.

ಇಷ್ಟು ದೂರದ ನೀರಿಗೂ ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಮ್ಮ ಹೊಸಹಳ್ಳಿಗೂ ಏನು ಸಂಬಂಧ ಎಂದು ಕೇಳಬಹುದು. ಹೊಸಹಳ್ಳಿ ಹೆಸರಿಗೆ ಮಾತ್ರ ಹಳ್ಳಿ. ಅದರ ಸುತ್ತ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳು ಬೆಳೆದು ಊರು ಊರಿಗೆ ಕೂಡಿಹೋಗಿದೆ. 2015ರಿಂದ ಮೆಟ್ರೋ ರೈಲಿನ ನಿಲ್ದಾಣವೂ ಇದೆ. ರಾಜಾಜಿನಗರದ ಕಾರ್ಖಾನೆಗಳಲ್ಲಿ ಲೇತುಗಳು ತಿರುಗಿದುದು, ಸಂಜೆಯ ಹೊತ್ತು ಮನೆಮನೆಗಳಲ್ಲಿ ಮಕ್ಕಳು ದೀಪದ ಮುಂದೆ ಪುಸ್ತಕ ತೆರೆದುದು, ಇವೆಲ್ಲ ವಿದ್ಯುತ್ತಿನಿಂದ. ಎಪ್ಪತ್ತರ ದಶಕದಲ್ಲಿ ಕರ್ನಾಟಕದ ವಿದ್ಯುತ್ತಿಗೆ ಶರಾವತಿಯೇ ಮುಖ್ಯವಾದ ಆಧಾರವಾಗಿತ್ತು. ಲಿಂಗನಮಕ್ಕಿಯ ನೀರು ಕಾಲುವೆಯ ಮೂಲಕ ತಳಕಳಲೆಯ ಜಲಾಶಯಕ್ಕೆ ಬಂದು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಕಣಿವೆಗೆ ಧುಮುಕಿ, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅದರ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ನಾವು ಗುಂಡಿಯೊತ್ತಿದಾಗ ಬೆಳಗಿದ ದೀಪದ ಬೇರು ಆ ನೀರಿನೊಳಗಿತ್ತು.

ಆ ಬೇರನ್ನು ಕಾಣಬೇಕೆಂಬ ಆಸೆಯಿಂದ, ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ, ನಾವು ನಾಲ್ವರು ಗೆಳೆಯರು ಬೆಂಗಳೂರಿನಿಂದ ತಾಳಗುಪ್ಪದ ರೈಲು ಹತ್ತಿದೆವು. ಶಿವಮೊಗ್ಗವನ್ನು ದಾಟಿ, ಸಾಗರವನ್ನು ದಾಟಿ, ರೈಲುಹಾದಿ ಮುಗಿಯುವ ಊರು ತಾಳಗುಪ್ಪ. ಅಲ್ಲಿಂದ ಹಿನ್ನೀರಿನ ದಡದ ಹೊನ್ನೆಮರಡು ಹೆಚ್ಚು ದೂರವಿಲ್ಲ. ನೀರಿನ ಸಾಹಸಗಳನ್ನು ಕಲಿಯಲು ತರುಣರು ಬರುವ ತಾಣವದು. ನಮ್ಮ ವಯಸ್ಸಿಗೆ ಸಾಹಸ ಒಗ್ಗುವಂತಿರಲಿಲ್ಲ; ಹರಿಗೋಲು ಒಗ್ಗಿತು. ಬುಟ್ಟಿಯಂತೆ ದುಂಡಗಿರುವ ಹರಿಗೋಲಿಗೆ ಮುಂದೆ ಹಿಂದೆ ಎಂಬುದಿಲ್ಲ. ಹುಟ್ಟು ಹಾಕಲರಿಯದವನ ಕೈಯಲ್ಲಿ ಅದು ನಿಂತಲ್ಲೇ ತಿರುಗುತ್ತದೆ. ನಾವು ಮೊದಲ ಕಾಲು ಗಂಟೆ ದಡದಿಂದ ಹತ್ತು ಮಾರು ಮಾತ್ರ ದೂರ ಹೋಗಿ, ದಿಕ್ಕುಗಳನ್ನೆಲ್ಲ ಸಾವಕಾಶವಾಗಿ ನೋಡಿದೆವು.

ಬೆಳಗಿನ ಹಿನ್ನೀರು ಕನ್ನಡಿಯಂತೆ ನಿಶ್ಚಲವಾಗಿತ್ತು. ಎದುರಿನ ಬೆಟ್ಟಗಳ ನೆರಳು ಒಂದೂ ಅಲುಗದೆ ನೀರಿನಲ್ಲಿ ಬಿದ್ದಿತ್ತು. ಬಿಸಿಲೇರಿದಂತೆ ಗಾಳಿ ಎದ್ದಿತು, ನೀರಿನ ಮೈ ಮೀನಿನ ಹುರುಪೆಯಂತಾಯಿತು, ಬೆಟ್ಟಗಳು ಚೂರುಚೂರಾದುವು. ನೀರಿನಿಂದ ಒಣಮರದ ಬೊಡ್ಡೆಗಳು ಅಲ್ಲಲ್ಲಿ ತಲೆಯೆತ್ತಿದ್ದವು. ನೀರುಕಾಗೆಗಳು ಅವುಗಳ ಮೇಲೆ ಕುಳಿತು, ತೊಯ್ದ ರೆಕ್ಕೆಗಳನ್ನು ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಮಿಂಚುಳ್ಳಿಯೊಂದು ಬೊಡ್ಡೆಯಿಂದ ಬೊಡ್ಡೆಗೆ ನೀಲಿಯ ಗೆರೆ ಎಳೆದಂತೆ ಹಾರಿತು. ದೃಶ್ಯ ಸುಂದರವಾಗಿತ್ತು. ಆದರೆ ಆ ಬೊಡ್ಡೆಗಳು ನೀರಿನಲ್ಲಿ ಹುಟ್ಟಿದ ಮರಗಳಲ್ಲವಷ್ಟೆ! ಅರುವತ್ತು ವರ್ಷಗಳ ಹಿಂದೆ ಅಲ್ಲಿ ಕಾಡಿತ್ತು, ಕಾಡಿನ ಕೆಳಗೆ ತೋಟಗಳಿದ್ದವು, ತೋಟದ ಕೆಳಗೆ ಗದ್ದೆಗಳಿದ್ದವು, ಅವನ್ನು ಸುತ್ತಿ ಮನೆಗಳಿದ್ದವು.

ಕಾನ್‌ಸ್ಟನ್ಸ್ ಸರೋವರದ ಕಲ್ಲಿನ ಸಿಂಹಕ್ಕೂ ನಮ್ಮ ಹಿನ್ನೀರಿನ ಕಡವಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಅಲ್ಲಿ ಬಂದರು ನಿಂತಲ್ಲೇ ನಿಂತಿರುತ್ತದೆ. ಇಲ್ಲಿ ಬಂದರು ನಡೆಯುತ್ತದೆ! ಮಳೆಗಾಲದ ಕೊನೆಗೆ ಕಾಡಿನ ಅಂಚಿನವರೆಗೆ ನೀರಿರುತ್ತದೆ. ವಿದ್ಯುದಾಗಾರಕ್ಕೆ ನೀರು ಹರಿದುಹೋದಂತೆಲ್ಲ ಮಟ್ಟ ಇಳಿಯುತ್ತದೆ. ದಡ ಕೆಳಗೆ ಸರಿಯುತ್ತದೆ. ಅದರ ಹಿಂದೆಯೇ ಕಡವೂ ಸರಿಯುತ್ತದೆ. ಮೇ ತಿಂಗಳಲ್ಲಿ ಕಾಡಿಗೂ ನೀರಿಗೂ ನಡುವೆ ಕೆಂಪು ಮಣ್ಣಿನ ಬೋಳು ಇಳಿಜಾರು ಮೈಬಿಟ್ಟುಕೊಂಡು ಬಿದ್ದಿರುತ್ತದೆ. ನೀರು ಒಂದೊಂದು ವಾರ ನಿಂತುಹೋದ ಗುರುತು ಮೆಟ್ಟಿಲು ಮೆಟ್ಟಿಲಾಗಿ ಆ ಇಳಿಜಾರಿನ ಮೇಲೆ ಕಾಣುತ್ತದೆ. ಆ ಗೆರೆಗಳನ್ನು ನೋಡುತ್ತ ಗೆಳೆಯರೊಬ್ಬರು, “ಇದೇ ನಮ್ಮೂರಿನ ಕರೆಂಟಿನ ಬಿಲ್ಲು” ಎಂದರು. ನಗುತ್ತ ಆಡಿದ ಮಾತಾದರೂ ಸುಳ್ಳಲ್ಲ. ದೂರದ ಊರುಗಳಲ್ಲಿ ಉರಿದ ದೀಪ, ತಿರುಗಿದ ಬೀಸಣಿಗೆ, ಓಡಿದ ಯಂತ್ರಗಳ ಲೆಕ್ಕವನ್ನು ನೀರು ಆ ಮಣ್ಣಿನ ಮೇಲೆ ಬರೆದಿತ್ತು.

ಬೇಸಗೆಯ ಇಳಿನೀರು ಇನ್ನೊಂದು ಹಳೆಯ ಸಂಗತಿಯನ್ನೂ ಹೊರಗೆಡಹುತ್ತದೆ. ಲಿಂಗನಮಕ್ಕಿಗಿಂತ ಮೊದಲೇ ಈ ನದಿಗೆ ಮಡೆನೂರಿನ ಬಳಿ ಹಿರೇಭಾಸ್ಕರ ಎಂಬ ಅಣೆಕಟ್ಟೆಯನ್ನು ಕಟ್ಟಿದ್ದರು. 1948ರಲ್ಲಿ ಕೆಲಸ ತೊಡಗಿದ ಜೋಗದ ವಿದ್ಯುದಾಗಾರಕ್ಕೆ ನೀರು ಕೊಟ್ಟುದು ಆ ಕಟ್ಟೆ. ಆ ವಿದ್ಯುದಾಗಾರಕ್ಕೆ ಮಹಾತ್ಮ ಗಾಂಧಿಯವರ ಹೆಸರಿದೆ. ಹದಿನಾರು ವರ್ಷಗಳಲ್ಲಿ ಅದಕ್ಕಿಂತ ದೊಡ್ಡದಾದ ಲಿಂಗನಮಕ್ಕಿಯ ಕಟ್ಟೆ ಎದ್ದಿತು; ಹೊಸ ಕಟ್ಟೆಯ ನೀರಿನಲ್ಲಿ ಹಳೆಯ ಕಟ್ಟೆಯೇ ಮುಳುಗಿತು. ಮಳೆ ಕಡಿಮೆಯಾದ ವರ್ಷಗಳ ಕಡುಬೇಸಗೆಯಲ್ಲಿ ಅದು ಮತ್ತೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ದಶಕಗಟ್ಟಲೆ ನೀರಿನಲ್ಲಿದ್ದರೂ ಅದರ ಗೋಡೆ ಅಲುಗಿಲ್ಲ. ಜನ ತಂಡತಂಡವಾಗಿ ಬಂದು ಅದನ್ನು ನೋಡಿ ಬೆರಗಾಗುತ್ತಾರೆ. ಕಟ್ಟಿದವರ ಕೌಶಲ ಮೆಚ್ಚತಕ್ಕದ್ದೇ. ಆದರೆ ಕಟ್ಟೆಯೊಂದು ಹಾಗೆ ಉಳಿದು ತನ್ನ ಕತೆ ಹೇಳಬಲ್ಲುದಾದರೆ, ಮಣ್ಣಿನ ಗೋಡೆಯ ಮನೆಗಳು ಹೇಳಲಾರವು. ಅವು ಮೊದಲ ಮಳೆಗಾಲದ ನೀರಿನಲ್ಲಿಯೇ ಕರಗಿಹೋದುವು.

ಎರಡನೆಯ ದಿನ ನಾವು ಅಂಬಾರಗೋಡ್ಲು ಕಡೆಯ ದಡಕ್ಕೆ ಬಂದೆವು. ಅಲ್ಲಿನ ಕಡವಿಗೆ ಹೊಳೆಬಾಗಿಲು ಎಂದು ಹೆಸರು. ಎಷ್ಟು ಅರ್ಥವತ್ತಾದ ಹೆಸರು! ಮನೆಗೆ ಬಾಗಿಲಿರುವಂತೆ ಹೊಳೆಗೂ ಒಂದು ಬಾಗಿಲು. ಎದುರಿನ ದಡ ಕಳಸವಳ್ಳಿ. ಸಿಗಂದೂರಿನ ಚೌಡೇಶ್ವರಿ ಗುಡಿಗೆ, ತುಮರಿಗೆ, ಕರೂರು ಹೋಬಳಿಯ ಹಳ್ಳಿಗಳಿಗೆ ಹೋಗುವವರೆಲ್ಲ ಇಲ್ಲಿ ಲಾಂಚು ಹತ್ತುತ್ತಿದ್ದರು. ಒಳನಾಡು ಜಲಸಾರಿಗೆಯವರು ನಡೆಸುತ್ತಿದ್ದ ಆ ಲಾಂಚು ಕಬ್ಬಿಣದ ದೊಡ್ಡದೊಂದು ಅಂಗಳದಂತಿತ್ತು. ಅದರ ಮುಂದಿನ ಹಲಗೆಯನ್ನು ದಡಕ್ಕೆ ಇಳಿಯಬಿಟ್ಟರೆ ಬಸ್ಸೇ ಹತ್ತಿ ನಿಲ್ಲುತ್ತಿತ್ತು. ಬಸ್ಸಿನ ಪಕ್ಕದಲ್ಲಿ ಕಾರು, ಕಾರಿನ ಪಕ್ಕದಲ್ಲಿ ಮೋಟಾರು ಬೈಕು, ಅವುಗಳ ಸಂದಿಗಳಲ್ಲಿ ಬಾಳೆಗೊನೆ, ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಹರಕೆ ಹೊತ್ತವರು. ಪೇಟೆಯವರಾದ ನಾವು ಕಟಾಂಜನವನ್ನು ಹಿಡಿದು ನೀರು ನೋಡುತ್ತಿದ್ದರೆ, ಅಲ್ಲಿಯವರು ನೀರಿಗೆ ಬೆನ್ನು ಮಾಡಿ ಅಡಿಕೆಯ ಧಾರಣೆ ಮಾತಾಡುತ್ತಿದ್ದರು. ನಮಗೆ ವಿಹಾರವಾದುದು ಅವರಿಗೆ ದಿನದ ಸಂಕವಾಗಿತ್ತು.

ಲಾಂಚು ನಡುನೀರಿಗೆ ಬಂದಾಗ ಬಳಿಯಲ್ಲಿದ್ದ ಮುದುಕರೊಬ್ಬರು ನಮ್ಮ ಊರನ್ನು ಕೇಳಿದರು. ಹೇಳಿದೆವು. ಅವರದು ಮುಳುಗಡೆಯಾದ ಹಳ್ಳಿ. ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಮನೆಯವರೊಡನೆ ಲಾರಿ ಹತ್ತಿ ದೂರದ ಕಾಡಿನಂಚಿಗೆ ಹೋದವರು. ಸಿಗಂದೂರಿನ ಹರಕೆಗೆಂದು ಬಂದಿದ್ದರು. “ಊರು ಎಲ್ಲಿತ್ತು?” ಎಂದು ಕೇಳಿದುದಕ್ಕೆ ಅವರು ನೀರನ್ನು ನೋಡಲಿಲ್ಲ, ತಲೆಯೆತ್ತಿ ನಡುಗಡ್ಡೆಗಳನ್ನು ಎಣಿಸಿದರು. “ಆ ಮೂರನೆಯ ದಿಬ್ಬ ಉಂಟಲ್ಲ, ಅದು ನಮ್ಮ ಸೊಪ್ಪಿನ ಬೆಟ್ಟದ ತಲೆ. ಅಲ್ಲಿಂದ ಇಳಿದರೆ ತೋಟ. ತೋಟ ದಾಟಿದರೆ ಮನೆ” ಎಂದರು. ಮನೆಯವರೆಗೆ ನಡೆದು ತೋರಿಸುವವರ ಹಾಗೆ ಅವರ ಕೈ ಮೆಲ್ಲನೆ ಕೆಳಗಿಳಿದು ನೀರಿನ ಮೇಲೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, “ಬೆಂಗಳೂರಿನಲ್ಲಿ ಕರೆಂಟು ಹೋಗುತ್ತದೆಯೋ?” ಎಂದು ಕೇಳಿದರು. ಒಮ್ಮೊಮ್ಮೆ ಹೋಗುವುದೆಂದು ಹೇಳಿದೆವು. “ಇಲ್ಲಿ ಮಳೆಗಾಲದಲ್ಲಿ ಹೋದರೆ ದಿನಗಟ್ಟಲೆ ಬರುವುದಿಲ್ಲ” ಎಂದು ಅವರು ನಕ್ಕರು. ಆ ನಗೆಯಲ್ಲಿ ಕಹಿಯಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆಂಬ ಗಾದೆಯನ್ನು ನಾವು ತರಗತಿಗಳಲ್ಲಿ ಎಷ್ಟೋ ಸಲ ವಿವರಿಸಿದ್ದುಂಟು. ಅದರ ಅರ್ಥವನ್ನು ಕಣ್ಣಾರೆ ಕಂಡುದು ಅಂದೇ.

ಅಣೆಕಟ್ಟೆಗೆಂದು ಮನೆಮಾರು ಬಿಟ್ಟವರ ಕಷ್ಟ ಅವರು ಲಾರಿ ಇಳಿದ ದಿನಕ್ಕೆ ಮುಗಿಯಲಿಲ್ಲ. ಸ್ವಂತ ಭೂಮಿಯಿದ್ದವನಿಗೆ ಪರಿಹಾರ ಕೇಳಲು ಕಾಗದವಾದರೂ ಇತ್ತು. ಗೇಣಿಗೆ ಉಳುತ್ತಿದ್ದವನಿಗೆ ಆ ಆಸರೆಯೂ ಕಡಿಮೆ. ಬೇರೆಡೆ ಕಾಡು ಕಡಿದು ನೆಲೆನಿಂತವರಲ್ಲಿ ಅನೇಕರಿಗೆ ಆ ನೆಲದ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳಾದರೂ ಪೂರ್ತಿಯಾಗಿ ಬಗೆಹರಿದಿಲ್ಲ. ಈ ಜನರ ಬಾಳನ್ನು ಹತ್ತಿರದಿಂದ ಕಂಡು ಬರೆದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದ ಅವರು ‘ಮುಳುಗಡೆ’, ‘ದ್ವೀಪ’ ಮುಂತಾದ ಕಾದಂಬರಿಗಳನ್ನು ರಚಿಸಿದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವನ್ನಾಗಿಸಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. 2014ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ನೀರು ಮುಚ್ಚಿದುದನ್ನು ಅಕ್ಷರ ತೆರೆದು ತೋರಿಸಬಲ್ಲುದೆಂಬುದಕ್ಕೆ ಅವರ ಬರಹ ಸಾಕ್ಷಿ.

ನಾವು ಹೋದ ಕಾಲಕ್ಕೆ ಹೊಳೆಬಾಗಿಲಿನಲ್ಲಿ ಸೇತುವೆಯ ಕೆಲಸ ನಡೆಯುತ್ತಿತ್ತು. ನೀರಿನ ನಡುವೆ ಎದ್ದಿದ್ದ ಕಂಬಗಳನ್ನು ನೋಡಿ ನಮ್ಮ ಗೆಳೆಯರಲ್ಲೊಬ್ಬರು, “ಇದಾದರೆ ಈ ಲಾಂಚಿನ ಸೊಗಸು ಹೋಗಿಬಿಡುತ್ತದೆ” ಎಂದು ಮರುಗಿದರು. ಬಳಿಯಲ್ಲಿದ್ದ ತರುಣಿಯೊಬ್ಬಳು ಅದನ್ನು ಕೇಳಿಸಿಕೊಂಡು, “ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಸೊಗಸನ್ನು ಏನು ಮಾಡುವುದು?” ಎಂದಳು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಸಂಜೆಯಾದ ಮೇಲೆ ಲಾಂಚು ನಿಲ್ಲುತ್ತಿತ್ತು. ಅನಂತರ ಕಾಯಿಲೆಯವರನ್ನು ಸಾಗರಕ್ಕೆ ಕರೆದೊಯ್ಯಬೇಕಾದರೆ ಸುತ್ತುದಾರಿಯಲ್ಲಿ ಹಲವು ಹತ್ತು ಕಿಲೋಮೀಟರು ಅಲೆಯಬೇಕಿತ್ತು. ಬೇಸಗೆಯಲ್ಲಿ ನೀರು ತೀರ ಇಳಿದರೆ ಹಗಲಿನಲ್ಲಿಯೂ ತೊಂದರೆಯೇ. 2023ರ ಜೂನ್ ತಿಂಗಳಲ್ಲಿ ಮಟ್ಟ ಇಳಿದು, ಲಾಂಚಿನಲ್ಲಿ ವಾಹನಗಳನ್ನು ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ಬಿಡುವಿನ ಪಯಣದ ಸುಖ ಬಿಡುವಿದ್ದವನಿಗೆ ಮಾತ್ರ. ನಿಧಾನವನ್ನು ತಾನಾಗಿ ಆರಿಸಿಕೊಂಡವನಿಗೆ ಅದು ಸೊಗಸು. ಬೇರೆ ದಾರಿಯಿಲ್ಲದೆ ನಿಧಾನವಾದವನಿಗೆ ಅದು ಸಂಕಟ.

ಆ ದ್ವೀಪದ ಜನ ದಶಕಗಳ ಕಾಲ ಬೇಡಿ ಕಾದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ, ಉಕ್ಕಿನ ತಂತಿಗಳ ಆಧಾರವೂ ಇರುವ ಆ ಸೇತುವೆಯನ್ನು ಇಂದು ವಾಹನಗಳು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ಕಡವಿನಲ್ಲಿ ಸಾಲುಗಟ್ಟಿ ಕಾಯುವುದು ತಪ್ಪಿದೆ. ಒಂದು ತಲೆಮಾರಿನ ಮಕ್ಕಳು ಲಾಂಚಿನ ಗಂಟೆಗೆ ಓಡಿ ಬೆಳೆದರು. ಮುಂದಿನ ತಲೆಮಾರಿನವರಿಗೆ ಅದು ಹಿರಿಯರು ಹೇಳುವ ಕತೆಯಾಗುವುದು. ಹಾಗಾಗುವುದೇ ನ್ಯಾಯ.

ಮೂರನೆಯ ದಿನ ನಾವು ಮುಪ್ಪಾನೆಯ ಕಡೆಗೆ ಹೋದೆವು. ಕಾರ್ಗಲ್ಲಿನಿಂದ ಮುಂದೆ ದಟ್ಟವಾದ ಕಾಡಿನ ನಡುವೆ ಹಿನ್ನೀರಿನ ಇನ್ನೊಂದು ತೋಳು ಅಲ್ಲಿ ಚಾಚಿದೆ. ಶರಾವತಿ ಕಣಿವೆಯ ಅಭಯಾರಣ್ಯವು 1972ರಲ್ಲಿ ಘೋಷಿತವಾದುದು; ಜಗತ್ತಿನಲ್ಲಿ ಪಶ್ಚಿಮಘಟ್ಟಗಳಲ್ಲಲ್ಲದೆ ಬೇರೆಲ್ಲಿಯೂ ಕಾಣಸಿಗದ ಸಿಂಗಳೀಕಗಳಿಗೆ ಅದು ಆಶ್ರಯ. ಎತ್ತರದ ಕೊಂಬೆಗಳ ಮೇಲೆಯೇ ಬದುಕುವ ಈ ಕಪ್ಪು ಕೋತಿ ನೆಲಕ್ಕಿಳಿಯುವುದು ಅಪರೂಪ. ಒಂದು ಮರದಿಂದ ಇನ್ನೊಂದಕ್ಕೆ ಹಾರಲು ಕಾಡು ಎಡೆಬಿಡದೆ ಹಬ್ಬಿರಬೇಕು. ಕಣಿವೆಯಲ್ಲಿ ನೀರು ನಿಂತು ಕಾಡು ತುಂಡಾದರೆ ಅದರ ದಾರಿಯೂ ತುಂಡಾಗುತ್ತದೆ. ಮುಳುಗಡೆಯ ಲೆಕ್ಕದಲ್ಲಿ ಮನುಷ್ಯರ ಮನೆಗಳನ್ನು ಎಣಿಸಿದವರು ಅದರ ಮನೆಯನ್ನು ಎಣಿಸಿದ್ದರೋ ಇಲ್ಲವೋ, ಕೊಂಬೆಯ ಮೇಲಿನ ಆ ಜೀವಿಯಂತೂ ಕೇಳಲಾರದು.

ಹೀಗೆಂದಮಾತ್ರಕ್ಕೆ ಅಣೆಕಟ್ಟೆಯನ್ನು ಕಟ್ಟಬಾರದಿತ್ತೆಂದು ಸುಲಭವಾಗಿ ತೀರ್ಪು ಕೊಡುವುದು ತರವಲ್ಲ. ಆ ಬೆಳಕಿನಲ್ಲಿ ಓದಿದ ನಾವು ಅದನ್ನು ಹಳಿದರೆ ಉಂಡ ಎಲೆಯನ್ನು ಹಳಿದಂತೆ. ಬರಗಾಲವನ್ನೂ ಬಡತನವನ್ನೂ ಕಂಡ ನಾಡು ಕಾರ್ಖಾನೆಗಳಿಗೆ, ಪಂಪುಸೆಟ್ಟುಗಳಿಗೆ, ಶಾಲೆ ಆಸ್ಪತ್ರೆಗಳಿಗೆ ಶಕ್ತಿ ಬೇಕೆಂದು ಬಯಸಿತು. ಆದರೆ ಉಂಡವನಿಗೆ ಅಡಿಗೆಮನೆಯ ಹೊಗೆಯ ನೆನಪಿರಬೇಕು. ಬೆಂಗಳೂರಿಗೆ ಶರಾವತಿಯ ನೀರನ್ನೇ ತರಬೇಕೆಂಬ ಪ್ರಸ್ತಾಪ 2019ರಲ್ಲಿ ಕೇಳಿಬಂದಾಗ ಶಿವಮೊಗ್ಗ ಜಿಲ್ಲೆಯ ಜನ ಬಂದ್ ನಡೆಸಿ ವಿರೋಧ ತೋರಿದರು. ಬೆಳಕನ್ನು ಕೊಟ್ಟಾಯಿತು, ನೀರನ್ನೂ ಕೊಡಬೇಕೇ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಬೆಂಗಳೂರಿನವರು ತಮ್ಮ ಮನೆಯ ಸುತ್ತ ಒಮ್ಮೆ ನೋಡಿಕೊಳ್ಳಬೇಕು. ನಗರದ ನಡುವಿನ ಧರ್ಮಾಂಬುಧಿ ಕೆರೆ ಇಂದು ಬಸ್ಸು ನಿಲ್ದಾಣ. ಪಶ್ಚಿಮದ ಕೊಳಚೆಯನ್ನೆಲ್ಲ ಹೊತ್ತ ವೃಷಭಾವತಿಯನ್ನು ಹೊಳೆಯೆಂದು ಗುರುತಿಸುವುದೇ ಕಷ್ಟ. ಇದ್ದ ಹೊಳೆಯ ಬಾಗಿಲನ್ನು ನಾವೇ ಮುಚ್ಚಿ, ಮುನ್ನೂರು ಕಿಲೋಮೀಟರಿಗೂ ಆಚೆಯ ಬಾಗಿಲನ್ನು ತಟ್ಟುವುದು ಯಾವ ಧರ್ಮ?

ಪ್ರವಾಸ ಹೋಗುವುದು ಒಳ್ಳೆಯದು. ಎಳೆಯರು ಹಿನ್ನೀರಿನ ಮೇಲೆ ಹರಿಗೋಲಿನಲ್ಲಿ ಸಾಗಬೇಕು. ಅನುಕೂಲವಾದರೆ ಹಾಯಿ ಕಟ್ಟುವುದನ್ನೂ ಕಲಿಯಬೇಕು. ಗಾಳಿಯ ದಿಕ್ಕನ್ನು ಕೆನ್ನೆಯ ಮೇಲೆ ಅರಿಯಬೇಕು. ಅದರ ಜೊತೆಗೆ, ತಾವು ತೇಲುತ್ತಿರುವ ನೀರಿನ ಅಡಿಯಲ್ಲಿ ಏನಿದೆಯೆಂದು ದಡದ ಜನರನ್ನು ಕೇಳುವ ಸೌಜನ್ಯವನ್ನೂ ಕಲಿಯಬೇಕು. ಕೇಳಿದರೆ ಅವರು ಹೇಳುತ್ತಾರೆ. ಬಾಗಿಲೆಂಬುದು ಹೊರಗೆ ಹೋಗಲು ಮಾತ್ರವಲ್ಲ, ಒಳಗೆ ಬರಲೂ ಇರುವುದು. ಹೊಳೆಬಾಗಿಲಿನಿಂದ ಆರು ದಶಕಗಳ ಕಾಲ ಬೆಳಕು ನಮ್ಮ ಕಡೆಗೆ ಹರಿದುಬಂದಿದೆ. ನಮ್ಮ ಕಡೆಯಿಂದ ಅಲ್ಲಿಗೆ ಏನು ಹೋಗಬೇಕು? ಬೇಡದ ದೀಪವೊಂದನ್ನು ಆರಿಸಿದ ಕೈ, ಊರ ಕೆರೆಯೊಂದನ್ನು ಉಳಿಸಿದ ಶ್ರಮ, ಹಕ್ಕು ಕೇಳುವವರ ಮಾತಿಗೆ ಕಿವಿಗೊಡುವ ತಾಳ್ಮೆ ಇಷ್ಟಾದರೂ ಹೋಗಲಿ.

ಅಭ್ಯಾಸ

1. ಎದುರುಗಾಳಿಯಲ್ಲಿ ಹಾಯಿದೋಣಿ ಹೇಗೆ ಮುಂದೆ ಸಾಗುತ್ತದೆ? ವಿವರಿಸಿರಿ.
2. ‘ಇಲ್ಲಿ ಬಂದರು ನಡೆಯುತ್ತದೆ’ ಎಂಬ ಮಾತಿನ ಅರ್ಥವೇನು? ಅದಕ್ಕೆ ಕಾರಣವನ್ನು ತಿಳಿಸಿರಿ.
3. ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆಯನ್ನು ಪಾಠದ ಸಂದರ್ಭದೊಡನೆ ಹೊಂದಿಸಿ ವಿಸ್ತರಿಸಿರಿ.
4. “ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಸೊಗಸನ್ನು ಏನು ಮಾಡುವುದು?” ಯಾರು, ಯಾವ ಸಂದರ್ಭದಲ್ಲಿ, ಯಾರಿಗೆ ಹೇಳಿದ ಮಾತು ಇದು? ಇದರ ಸ್ವಾರಸ್ಯವೇನು?
5. ನಿಮ್ಮ ಊರಿನ ಕೆರೆ ಅಥವಾ ಹೊಳೆಯ ಹಿಂದಿನ ಮತ್ತು ಇಂದಿನ ಸ್ಥಿತಿಯನ್ನು ಹಿರಿಯರಿಂದ ಕೇಳಿ ತಿಳಿದು, ಒಂದು ಪುಟದಲ್ಲಿ ಬರೆಯಿರಿ.